ಅಧ್ಯಕ್ಷರ ಹಿಂಗಾಲು

ಹಿಡಿಯಣ್ಣನಿಗೆ ಹೆತ್ತವರು ಇಟ್ಟ ಹೆಸರೊಂದು ಇದೆ. ಈಗ ಅದನ್ನು ಬ್ಯಾಂಕಿನವರು ಬಿಟ್ಟರೆ ಯಾರೂ ಬಳಸುವುದಿಲ್ಲ. ಸುತ್ತಿಗೆ, ಕೊಡಲಿ, ಉಳಿ, ಗರಗಸ, ಅಡುಗೆಮನೆಯ ಚಾಕು, ಮುದುಕರ ಊರುಗೋಲು, ಹೀಗೆ ಮನುಷ್ಯರು ಕೈಯಲ್ಲಿ ಹಿಡಿಯುವ ಯಾವ ಸಾಮಾನೇ ಆಗಲಿ, ಅದಕ್ಕೆ ಮರದ ಹಿಡಿ ಮಾಡಿಕೊಡುವುದು ಅವನ ಕಸುಬು. ಹಾಗಾಗಿ ಗಿರಾಕಿಗಳಿಗೆ, ಅಕ್ಕಪಕ್ಕದ ಅಂಗಡಿಯವರಿಗೆ, ಕೊನೆಗೆ ನೆಂಟರಿಷ್ಟರಿಗೂ ಅವನು ಹಿಡಿಯಣ್ಣ. ಬೀಗ ರಿಪೇರಿಯವನ ಅಂಗಡಿಗೂ ಬ್ಯಾಟರಿ ಅಂಗಡಿಗೂ ನಡುವೆ ಸಿಕ್ಕಿಕೊಂಡ ಉದ್ದನೆಯ ಕೋಣೆ ಅವನದು. ಒಳಗೊಂದು ಮರ ಕಡೆಯುವ ಲೇತ್, ಗೋಡೆಗೆ ಒರಗಿಸಿದ ಮರದ ತುಂಡುಗಳು, ಎಲ್ಲದರ ಮೇಲೂ ಹಿಟ್ಟಿನಂಥ ಪುಡಿ. ಗಿರಾಕಿ ಕೂರಲು ಇದ್ದ ಒಂದೇ ಕುರ್ಚಿಯ ಮೇಲೂ ಪುಡಿ. ಕಪ್ಪು ಪ್ಯಾಂಟು ಹಾಕಿಕೊಂಡು ಬಂದವರು ಕಂದು ಪ್ಯಾಂಟಿನಲ್ಲಿ ಮನೆಗೆ ಹೋಗುತ್ತಿದ್ದರು.

ಅವನ ಕೆಲಸದ ಕ್ರಮವೇ ಒಂದು ಥರ. ಹಿಡಿ ಬೇಕೆಂದು ಬಂದವರ ಕೈಗೆ ಮೊದಲು ಮೆತ್ತಗೆ ಮಾಡಿದ ಮೇಣದ ಉಂಡೆ ಕೊಡುತ್ತಿದ್ದ. "ಸುತ್ತಿಗೆ ಅಂದ್ಕೊಂಡು ಹಿಡೀರಿ" ಅನ್ನುತ್ತಿದ್ದ. ಅವರು ಹಿಚುಕಿ ಕೊಟ್ಟ ಉಂಡೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರೆ ಸಾಕು, ಇವರು ಹೆಬ್ಬೆರಳಿಗೆ ಜಾಸ್ತಿ ಭಾರ ಹಾಕುತ್ತಾರೆ, ಇವರ ಕಿರುಬೆರಳು ಸೋಮಾರಿ, ಇವರಿಗೆ ಕೆಲಸದ ಮೇಲೆ ಸಿಟ್ಟಿದೆ ಎಂಬುದೆಲ್ಲ ಅವನಿಗೆ ಗೊತ್ತಾಗುತ್ತಿತ್ತು. ಆ ಅಳತೆಗೆ ಮರ ಕಡೆದು, ಉಪ್ಪುಕಾಗದ ಹಾಕಿ ಉಜ್ಜಿ, ಪಾಲಿಶ್ ಕೊಟ್ಟು, ಕೊನೆಗೆ ಹಿಡಿಯನ್ನು ತನ್ನ ಕೆನ್ನೆಗೆ ಒತ್ತಿ ಎಳೆಯುತ್ತಿದ್ದ. ಕೆಲಸ ಕಲಿಸಿದ ಸೋದರಮಾವನಿಂದ ಬಂದ ಅಭ್ಯಾಸ ಅದು. ಎಲ್ಲಿಯಾದರೂ ಒಂದಿಷ್ಟು ತರಚಿದಂತಾದರೆ ಮತ್ತೆ ಉಜ್ಜು. ಮದುವೆಯಾದ ಹೊಸದರಲ್ಲೇ ಹೆಂಡತಿ ಇದನ್ನು ನೋಡಿ, "ನನಗಿಂತ ಸುತ್ತಿಗೆಗೇ ಜಾಸ್ತಿ ಮುದ್ದು" ಎಂದು ಮೂಗು ಮುರಿದಿದ್ದಳು. ಇಷ್ಟು ವರ್ಷವಾದರೂ ಆ ಮಾತನ್ನು ಹಿಂದಕ್ಕೆ ಪಡೆದಿಲ್ಲ.

ಹೆಂಡತಿ ಶಾಲೆಯ ವ್ಯಾನ್ ಓಡಿಸುವವಳು. ಬೆಳಿಗ್ಗೆ ಸಂಜೆ ಮಕ್ಕಳನ್ನು ಗದರಿಸಿ ಗದರಿಸಿ, ಮನೆಯಲ್ಲೂ ಅದೇ ಧಾಟಿ. ಮಕ್ಕಳಿಲ್ಲದ ಮನೆ ಎಂದು ಯಾರಾದರೂ ಅನುಕಂಪ ತೋರಿಸಲು ಬಂದರೆ, "ಮೂವತ್ತು ಮಕ್ಳಿದಾವಲ್ಲ, ಸಂಜೆ ವಾಪಸ್ ಕೊಟ್ಟು ಬರ್ತೀನಿ, ಇದಕ್ಕಿಂತ ಸುಖ ಇದ್ಯಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಇಬ್ಬರೂ ನೆಮ್ಮದಿಯಾಗಿದ್ದರು. ಆ ನೆಮ್ಮದಿಯ ಮನೆಗೆ ಒಂದು ದಿನ ಮಂಡಿನೋವಿನ ಅತ್ತೆ, ಹೆಂಡತಿಯ ತಾಯಿ, ಬಂದು ಸೇರಿದರು. ಜೊತೆಗೆ ಎರಡು ಸೂಟ್‌ಕೇಸು ಮತ್ತು ಹಳೆಯ ಗಿಳಿಪಂಜರದಲ್ಲಿ ಒಂದು ಗೋಸುಂಬೆ.

ಗೋಸುಂಬೆ ಅತ್ತೆಯ ಪಕ್ಕದ ಮನೆಯ ಹುಡುಗಿಯದು. ಸಾಕುಪ್ರಾಣಿಗಳ ಅಂಗಡಿಯಿಂದ ತಂದದ್ದು. ಎರಡು ವಾರ ನೋಡಿಕೊಳ್ಳಿ ಎಂದು ಬಿಟ್ಟುಹೋದವಳು ದೂರದ ಊರಿನಲ್ಲಿ ಕೆಲಸ ಸಿಕ್ಕಿ ಅಲ್ಲೇ ಉಳಿದಳು. ಅತ್ತೆ ಮೊದಮೊದಲು ಅದರ ಹತ್ತಿರವೂ ಸುಳಿಯಲಿಲ್ಲವಂತೆ. ಆಮೇಲೆ ಅದಕ್ಕೆ ಮಿಡತೆ ಹಾಕುತ್ತ ಹಾಕುತ್ತ ಮಾತಿಗೆ ಶುರುಮಾಡಿದರು. ಒಂದು ಕಣ್ಣು ಆ ಕಡೆ, ಒಂದು ಕಣ್ಣು ಈ ಕಡೆ. ಒಂದು ಹೆಜ್ಜೆ ಮುಂದಿಟ್ಟು, ಮುಂದಿಡಲೋ ಬೇಡವೋ ಎಂದು ಗಳಿಗೆಗಟ್ಟಲೆ ತೂಗಾಡುವುದು. ಏನು ಕೇಳಿದರೂ ಉತ್ತರವಿಲ್ಲ. ನೋಡಿದವರಿಗೆಲ್ಲ ಯಾವುದೋ ಸಂಘದ ಸಭೆ ನೆನಪಾಗುತ್ತಿತ್ತು. ಹಿಡಿಯಣ್ಣ ಅದಕ್ಕೆ 'ಅಧ್ಯಕ್ಷರು' ಎಂದು ಹೆಸರಿಟ್ಟ. ಅತ್ತೆಗೆ ಅಳಿಯನ ತಮಾಷೆ ಅಷ್ಟಾಗಿ ಹಿಡಿಸುವುದಿಲ್ಲ, ಆದರೂ ಈ ಹೆಸರು ಉಳಿದುಕೊಂಡಿತು.

ಅತ್ತೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಕೆಲಸಕ್ಕೆ ಸೇರಿದಂದಿನಿಂದ ನಿವೃತ್ತಿಯವರೆಗೆ ಅವರು ಬಟ್ಟೆ ಗಿರಣಿಯ ತಪಾಸಣೆ ಮೇಜಿನಲ್ಲಿ ಕೂತವರು. ಕಣ್ಣ ಮುಂದೆ ಬಟ್ಟೆ ಸರಿದುಹೋಗುತ್ತಿದ್ದರೆ ತಪ್ಪಿದ ಎಳೆ, ಎಣ್ಣೆಯ ಚುಕ್ಕಿ, ಬಣ್ಣದ ಕಲೆ ಕಂಡಲ್ಲಿ ಸೀಮೆಸುಣ್ಣದ ಗೀಟು ಎಳೆಯುವುದು ಕೆಲಸ. ಗೀಟು ಬಿದ್ದದ್ದು ವಾಪಸ್, ಬೀಳದ್ದು ಪಾಸ್. ಮನೆಯಲ್ಲೂ ಇವೆರಡೇ ಮಾತು. ಮದುವೆಯಾದ ವರ್ಷ ಹಿಡಿಯಣ್ಣ ಪ್ರೀತಿಯಿಂದ ಮಾಡಿಕೊಟ್ಟ ಕಾಲುಮಣೆ ವಾಪಸ್. ಕನ್ನಡಿಯ ಚೌಕಟ್ಟು ವಾಪಸ್. ಚಾಕುವಿನ ಹಿಡಿ, "ಚೆನ್ನಾಗಿದೆ, ಚಾಕುಗೆ ಹೊಂದಲ್ಲ" ಎಂದು ವಾಪಸ್. ಸಿಟ್ಟಿನಿಂದಲ್ಲ, ಬಹಳ ಮರ್ಯಾದೆಯಿಂದ, "ಅಳಿಯಂದಿರೇ, ನೀವು ಬೇಜಾರು ಮಾಡ್ಕೋಬೇಡಿ" ಎನ್ನುತ್ತಲೇ ವಾಪಸ್. ಆ ಬಹುವಚನವೇ ಅವನಿಗೆ ಬೇಲಿಯಂತೆ ಕಾಣುತ್ತಿತ್ತು.

ಹಾಗಾಗಿ ಗಿಳಿಪಂಜರದಲ್ಲಿ ಮುದುಡಿ ಕೂತ ಅಧ್ಯಕ್ಷರನ್ನು ಕಂಡಾಗ ಹಿಡಿಯಣ್ಣನಿಗೆ ಅವಕಾಶ ಕಂಡಿತು. ಅಂಗಡಿ ಬೇಗ ಮುಚ್ಚಿ ಗೂಡು ಕಟ್ಟಲು ಕೂತ. ಎದೆಯೆತ್ತರದ ಮರದ ಚೌಕಟ್ಟು, ಸುತ್ತ ಜಾಲರಿ, ಒಳಗೊಂದು ಗಿಡದ ಕುಂಡ, ಮೇಲೆ ದೀಪ. ಕೂರುವ ಕೋಲುಗಳ ವಿಷಯಕ್ಕೆ ಬಂದಾಗ ತನ್ನ ಕ್ರಮ ಬಿಡಲಿಲ್ಲ. ಮೇಣವನ್ನು ಕೋಲಿನಂತೆ ಹೊಸೆದು ಅಧ್ಯಕ್ಷರ ದಾರಿಯಲ್ಲಿ ಇಟ್ಟ. ಅವರು ಬಹಳ ಯೋಚಿಸಿ ಅದರ ಮೇಲೆ ಕಾಲಿಟ್ಟರು. ಎರಡು ಬೆರಳು ಈ ಕಡೆ, ಮೂರು ಆ ಕಡೆ, ಇಕ್ಕಳದ ಹಾಗೆ. ಬಿದ್ದ ಗುರುತಿನಿಂದ ಹಿಡಿತದ ಅಳತೆ ತೆಗೆದು, ಅದೇ ದಪ್ಪಕ್ಕೆ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದಂತೆ ಎಲ್ಲ ಕೋಲುಗಳನ್ನೂ ಲೇತಿನಲ್ಲಿ ಕಡೆದ. ಉಜ್ಜಿದ. ಪಾಲಿಶ್ ಕೊಟ್ಟ. ಕೆನ್ನೆಗೆ ಎಳೆದು ನೋಡಿದ. ಅತ್ತೆ ಭೂತಗನ್ನಡಿ ಹಿಡಿದು ಗೂಡಿನ ಮೂಲೆ ಮೂಲೆ ನೋಡಿದರು. ಬಾಗಿಲಿನ ತಿರುಗಣಿ ನೋಡಿದರು. ಕೋಲಿನ ಮೇಲೆ ಬೆರಳಾಡಿಸಿದರು. ಆಮೇಲೆ ಕನ್ನಡಿ ಕೆಳಗಿಟ್ಟು, "ಪಾಸ್" ಅಂದರು.

ಹಿಡಿಯಣ್ಣ ಅವತ್ತು ಕಾಲು ನೆಲದ ಮೇಲೆ ಇಟ್ಟಿರಲಿಕ್ಕಿಲ್ಲ. ಬೀಗ ರಿಪೇರಿಯವನಿಗೆ ಹೇಳಿದ, ಬ್ಯಾಟರಿಯವನಿಗೆ ಹೇಳಿದ, ಕೊಡಲಿ ಹಿಡಿಗೆ ಬಂದ ಅಪರಿಚಿತನಿಗೂ ಹೇಳಿದ. ಪಾಪ, ಅವನಿಗೆ ಏನೂ ಅರ್ಥವಾಗದೆ, "ಒಳ್ಳೇದಾಯ್ತು ಬಿಡಿ" ಎಂದು ಹೋದ.

ಕೆಲವು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅಧ್ಯಕ್ಷರು ಬಲ ಹಿಂಗಾಲನ್ನು ಎತ್ತಿಕೊಂಡು ಕೂತಿದ್ದರು.

"ಏನೋ ಯೋಚನೆ ಮಾಡ್ತಿದೆ" ಎಂದರು ಅತ್ತೆ.

"ಠರಾವಿಗೆ ಮತ ಹಾಕ್ತಿದಾರೆ ಅತ್ತೆ. ಮುಂಗಾಲೆತ್ತೋಕೆ ಸಂಕೋಚ" ಎಂದ ಹಿಡಿಯಣ್ಣ. ಎಲ್ಲರೂ ನಕ್ಕರು. ಮರುದಿನವೂ ಮತ ಹಾಕುತ್ತಿದ್ದರು. ಅದರ ಮರುದಿನ ಮೇಲಿನ ಕೋಲಿನಲ್ಲಿ ನಡೆಯುವಾಗ ಹಿಂದಿನ ಕಾಲು ಸರ್ರನೆ ಜಾರಿ, ಬಾಲದಲ್ಲಿ ಜೋತುಬಿದ್ದು, ಜಾಲರಿ ಹಿಡಿದು ಹೇಗೋ ಸಾವರಿಸಿಕೊಂಡರು. ಕೈಹಿಡಿತ ನೋಡಿಯೇ ಬದುಕಿದ ಹಿಡಿಯಣ್ಣನ ನಗು ನಿಂತಿತು. ಹಿಡಿ ಜಾರಿತು ಎಂದರೆ ಹಿಡಿಯಲ್ಲೇ ಏನೋ ಐಬಿರಬೇಕು. ಎಲ್ಲೋ ಸಿಬಿರು ಎದ್ದಿದೆ, ಅದು ಚುಚ್ಚಿ ಕಾಲು ಎತ್ತುತ್ತಿದ್ದಾರೆ ಎಂದುಕೊಂಡ. ಕೋಲುಗಳನ್ನೆಲ್ಲ ಬಿಚ್ಚಿ ಅಂಗಡಿಗೆ ಒಯ್ದ. ಕೆನ್ನೆಗೆ ಎಳೆದರೆ ಬೆಣ್ಣೆ. ಆದರೂ ಬಿಡದೆ ಅತಿ ನಯವಾದ ಉಪ್ಪುಕಾಗದದಲ್ಲಿ ಇನ್ನೊಮ್ಮೆ ಉಜ್ಜಿ, ಮೇಣ ತಿಕ್ಕಿ, ಮುಖ ಕಾಣುವಷ್ಟು ಹೊಳಪು ಕೊಟ್ಟು ತಂದು ಸಿಕ್ಕಿಸಿದ. ಮಾಡಿದ ಉಪಕಾರಕ್ಕೆ ಅಧ್ಯಕ್ಷರು ಮರುದಿನ ಗೂಡಿನ ನೆಲದಲ್ಲಿ ಕೂತಿದ್ದರು. ಮರ ಹತ್ತುವ ಜೀವ ಮರ ಬೇಡವೆಂದು ಕೆಳಗಿಳಿದಿತ್ತು.

ಅತ್ತೆ ಸ್ನಾನಕ್ಕೆ ಹೋಗಿದ್ದಾಗ ಹಿಡಿಯಣ್ಣ ಮೆಲ್ಲಗೆ ಅಧ್ಯಕ್ಷರನ್ನು ಎತ್ತಿ ಅಂಗಾಲು ನೋಡಿದ. ಎಡಗಾಲಿನ ಪಕ್ಕದಲ್ಲಿ ಇಟ್ಟು ನೋಡಿದರೆ ಬಲಗಾಲು ಊದಿತ್ತು. ಎರಡು ಕಡೆಯ ಬೆರಳುಗಳು ಸೇರುವ ಕಡೆ ಚರ್ಮ ಬಿಗಿದು ಕೆಂಪಗೆ ಮಿರುಗುತ್ತಿತ್ತು. ನಡುವೆ ಕಂದು ಹಕ್ಕಳೆಯ ಚುಕ್ಕಿ. ಉಳಿದ ಕಾಲುಗಳನ್ನೂ ನೋಡಿದ. ಅಲ್ಲೂ ಅದೇ ಜಾಗದಲ್ಲಿ, ಸಣ್ಣದಾಗಿ, ಕೆಂಪು. ಈ ಗುರುತು ಅವನಿಗೆ ಹೊಸದಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಕೂಲಿಗಳ ಅಂಗೈಯಲ್ಲಿ ಇಂಥದ್ದೇ ಬೊಬ್ಬೆ ನೋಡಿದ್ದ. ಹಿಡಿ ಒಂದೇ ಜಾಗವನ್ನು ಒತ್ತಿ ಒತ್ತಿ ಏಳಿಸಿದ ಬೊಬ್ಬೆ. ಸಿಬಿರಲ್ಲ, ಒರಟಲ್ಲ, ತಾನು ಅಳತೆ ತೆಗೆದು ಮಾಡಿದ ಕೋಲೇ ಕಾಲನ್ನು ತಿಂದಿತ್ತು.

ಆ ದಿನ ಅವನು ಅಂಗಡಿಗೆ ಹೋಗಿ ಲೇತ್ ತಿರುಗಿಸಿದ. ಹೇಳಿದರೆ ಸಿಕ್ಕ ಒಂದೇ ಒಂದು ಪಾಸು ಹೋಗುತ್ತದೆ. ಹೇಳದಿದ್ದರೆ ಕಾಲು ಹೋಗುತ್ತದೆ. ಕೋಲುಗಳನ್ನು ಸದ್ದಿಲ್ಲದೆ ಬದಲಾಯಿಸಿಬಿಟ್ಟರೆ ಹೇಗೆ ಎಂಬ ಕಳ್ಳ ಯೋಚನೆಯೂ ಬಂದು ಹೋಯಿತು. ಊಟದ ಹೊತ್ತಿಗೆ ಡಬ್ಬಿ ಬಿಚ್ಚಿದ. ಹಾಗೇ ಮುಚ್ಚಿಟ್ಟ. ಬಾಗಿಲು ಎಳೆದುಕೊಂಡು ಮನೆಗೆ ಬಂದ.

"ಅತ್ತೆ, ಅಧ್ಯಕ್ಷರ ಕಾಲು ಕೆಟ್ಟಿದೆ. ತಪ್ಪು ಗೂಡಿನದು. ಗೂಡು ನನ್ನದು."

ಅತ್ತೆ ಭೂತಗನ್ನಡಿ ತಂದು ಕಾಲನ್ನು ನೋಡಿದರು. ಬಹಳ ಹೊತ್ತು ನೋಡಿದರು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತ ಹಿಡಿಯಣ್ಣನಿಗೆ ಕೇಳಿಸಿದ್ದು ಬೇರೆಯೇ ಮಾತು. "ದಿನಾ ಇದರ ಮುಂದೆನೇ ಕೂತಿರ್ತೀನಿ. ಯೋಚನೆ ಮಾಡ್ತಿದೆ ಅಂದೆನಲ್ಲ. ಹರಿದಿರೋ ಎಳೆ ಕಣ್ಮುಂದೆನೇ ಹೋದ್ರೂ ಬಿಟ್ಬಿಟ್ಟೆ." ಭೂತಗನ್ನಡಿ ಒರೆಸಿ ಮತ್ತೆ ಕಾಲಿಗೆ ಹಿಡಿದರು. ಹಿಡಿಯಣ್ಣನಿಗೆ ತನ್ನ ಪಾಸಿನ ಚಿಂತೆ ಅಲ್ಲೇ ಮರೆತುಹೋಯಿತು.

ಹೆಂಡತಿ ಶಾಲೆಯ ಟ್ರಿಪ್ಪು ಮುಗಿಸಿ ಬಂದವಳೇ ವಿಷಯ ಕೇಳಿ ವ್ಯಾನ್ ಮತ್ತೆ ತಿರುಗಿಸಿದಳು. ಗೋಸುಂಬೆ, ಆಮೆ, ಹಾವುಗಳನ್ನು ನೋಡುವ ಡಾಕ್ಟರಮ್ಮ ಊರಿನ ಇನ್ನೊಂದು ತುದಿಯಲ್ಲಿದ್ದರು. ದಾರಿಯುದ್ದಕ್ಕೂ ಅಮ್ಮನದು ಒಂದು ಸಲಹೆ, ಗಂಡನದು ಒಂದು. ಅರಿಸಿನ ಹಚ್ಚಿದ್ರೆ? ನನ್ನ ಮಂಡಿ ಮುಲಾಮು ಸವರಿದ್ರೆ? "ಇಬ್ರೂ ಬಾಯಿ ಮುಚ್ಕೊಂಡು ಸೀಟಲ್ಲಿ ಕೂತ್ಕೊಳ್ಳಿ, ಇಲ್ಲಾಂದ್ರೆ ಇಲ್ಲೇ ಇಳಿಸ್ತೀನಿ" ಎಂದಳು. ಇಬ್ಬರೂ ಕೂತರು. ಅಧ್ಯಕ್ಷರಿದ್ದ ಪೆಟ್ಟಿಗೆ ಅತ್ತೆಯ ತೊಡೆಯ ಮೇಲಿತ್ತು.

ಡಾಕ್ಟರಮ್ಮ ಕಾಲನ್ನು ಬೆಳಕಿಗೆ ಹಿಡಿದು ನೋಡಿದರು. ಉಗುರು, ಬೆರಳ ಸಂದಿ, ಪೊರೆ ಬಿಟ್ಟ ಚರ್ಮ ಎಲ್ಲಾದರೂ ಸುತ್ತಿಕೊಂಡಿದೆಯೇ ಎಂದು ನೋಡಿದರು. ದೀಪದಿಂದ ಸುಟ್ಟಿದೆಯೇ, ಜಾಲರಿಗೆ ಸಿಕ್ಕಿ ಉಗುರು ಕಿತ್ತಿದೆಯೇ ಎಂದು ಕೇಳಿದರು. ಆಮೇಲೆ ಕೋಲು ಎಂಥದ್ದು ಎಂದರು. ಹಿಡಿಯಣ್ಣ ಜೊತೆಗೆ ತಂದಿದ್ದ ಕೋಲನ್ನು ಮೇಜಿನ ಮೇಲಿಟ್ಟ. ಅದು ಉರುಳಿಕೊಂಡು ಹೋಯಿತು.

"ಯಾರು ಮಾಡಿದ್ದು ಇದನ್ನ? ಎಷ್ಟು ಚೆನ್ನಾಗಿದೆ!" ಎಂದರು ಡಾಕ್ಟರಮ್ಮ. ಹೊಗಳಿಕೆ ಕೇಳಿ ಅವನಿಗೆ ಮೊದಲ ಬಾರಿಗೆ ಅಳು ಬರುವಂತಾಯಿತು. "ಎಲ್ಲಾ ಇದೇ ದಪ್ಪನಾ?"

"ಎಲ್ಲಾ ಇದೇ, ಡಾಕ್ಟ್ರೇ. ಅದರ ಹಿಡಿತಕ್ಕೆ ಅಳತೆ ತೆಗೆದು ಮಾಡಿದ್ದು."

"ನೀವು ಸುತ್ತಿಗೆ ಎಷ್ಟೊತ್ತು ಹಿಡ್ಕೊಂಡಿರ್ತೀರಿ?"

"ಕೆಲಸ ಇದ್ದಷ್ಟು ಹೊತ್ತು. ಆಮೇಲೆ ಕೆಳಗಿಡ್ತೀನಿ."

"ಇದು ಕೆಳಗಿಡೋ ಹಾಗಿಲ್ಲ ನೋಡಿ. ಊಟ, ನಿದ್ದೆ, ಎಲ್ಲಾ ಹಿಡ್ಕೊಂಡೇ. ದಪ್ಪ ಒಂದೇ ಆದ್ರೆ ಭಾರ ಬೀಳೋದು ಒಂದೇ ಜಾಗಕ್ಕೆ. ನುಣುಪಾದ್ರೆ ಜಾರಬಾರ್ದು ಅಂತ ಇನ್ನೂ ಬಿಗಿಯಾಗಿ ಹಿಡಿಯುತ್ತೆ. ಅಲ್ಲೇ ಹುಣ್ಣಾಗಿ, ಒಳಗೆ ಕೀವು ಸೇರಿದೆ."

ಹಿಡಿಯಣ್ಣ ಕೋಲನ್ನು ಕೈಗೆತ್ತಿಕೊಂಡ. ಇಷ್ಟು ವರ್ಷ ಕೈ ಹಿಡಿಯುವುದನ್ನೇ ನೋಡಿದವನು, ಬಿಡುವುದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ. ಸೋಂಕು ಮೂಳೆಗೆ ಇಳಿದಿದ್ದರೆ ಬೆರಳು ತೆಗೆಯಬೇಕಾಗುತ್ತದೆ, ಪಾದವೇ ಹೋದರೂ ಹೋಗಬಹುದು. ಮೂರು ವಾರ ನೋಡೋಣ ಎಂದರು. ದಿನವೂ ಕಾಲು ತೊಳೆಯಲು ನೀರಿಗೆ ಬೆರೆಸುವ ಔಷಧಿ ಕೊಟ್ಟರು, ಬಾಯಿಗೆ ಹನಿ ಕೊಟ್ಟರು. ಮನುಷ್ಯರ ಮುಲಾಮು ಮುಟ್ಟಿಸಲೇಬೇಡಿ ಎಂದಾಗ ಹೆಂಡತಿ ಇಬ್ಬರ ಕಡೆಗೂ ಒಂದು ನೋಟ ಬಿಟ್ಟಳು. ಗೂಡಿನ ನೆಲ ಚೊಕ್ಕಟವಾಗಿರಬೇಕು. ಕೋಲುಗಳನ್ನೆಲ್ಲ ತೆಗೆದು, ತೊಗಟೆ ಇರುವ ರೆಂಬೆಗಳನ್ನು, ದಪ್ಪ, ಸಣ್ಣ, ಡೊಂಕು, ಎಲ್ಲ ಥರದ್ದನ್ನೂ ಹಾಕಬೇಕು.

ರಸ್ತೆ ಬದಿಯ ಮರಗಳನ್ನು ಸವರಿ ಬಿಟ್ಟುಹೋದ ರಾಶಿಯಲ್ಲಿ ಹಿಡಿಯಣ್ಣ ಮರುದಿನ ರೆಂಬೆ ಹುಡುಕುತ್ತಿದ್ದ. ತಂದು, ತೊಳೆದು, ಕುದಿಯುವ ನೀರು ಹೊಯ್ದು, ಬಿಸಿಲಿಗೆ ಹಾಕಿದ. ಅತ್ತೆ ಭೂತಗನ್ನಡಿ ಹಿಡಿದು ಕೂತರು. ಅಂಟು ಸುರಿಯುವುದಕ್ಕೆ, ಹುಳು ಕೊರೆದದ್ದಕ್ಕೆ ಸೀಮೆಸುಣ್ಣದ ಗೀಟು. ಉಳಿದದ್ದು ಗೂಡಿಗೆ. ಒಂದು ರೆಂಬೆಯ ಗಂಟು ಕಂಡು ಹಿಡಿಯಣ್ಣನ ಕೈ ತುರಿಸಿತು. ಒಂದೇ ಒಂದು ಸಲ ಉಜ್ಜಿದರೆ ಏನಾಗಿಹೋಗುತ್ತದೆ ಎಂದು ಉಪ್ಪುಕಾಗದ ತೆಗೆದ. "ಅಳಿಯಂದಿರೇ!" ಎಂಬ ಕೂಗಿಗೆ ಮತ್ತೆ ಜೇಬಿಗೆ ಸೇರಿಸಿದ. ಕೆಲಸ ಮುಗಿದಾಗ ಗೂಡಿನೊಳಗೆ ಬಿರುಗಾಳಿ ಹೊಕ್ಕು ಹೋದಂತಿತ್ತು. ಮನೆಗೆ ಬಂದ ಬೀಗ ರಿಪೇರಿಯವನು ನೋಡಿ, "ಇದೂ ನೀನೇ ಮಾಡಿದ್ದಾ?" ಎಂದು ಕೇಳಿಯೇಬಿಟ್ಟ. ಹಿಡಿಯಣ್ಣ ಜೇಬಿನ ಉಪ್ಪುಕಾಗದ ಮುಟ್ಟಿ ನೋಡಿಕೊಂಡು ಹೌದು ಅಂದ.

ಔಷಧಿಯ ಕೆಲಸ ಇದಕ್ಕಿಂತ ಕಷ್ಟ. ದಿನವೂ ಬೆಳಿಗ್ಗೆ ಹಿಡಿಯಣ್ಣ ಹಿಡಿದುಕೊಳ್ಳಬೇಕು, ಅತ್ತೆ ಕಾಲು ತೊಳೆಯಬೇಕು. ಮೊದಲ ದಿನ ಅಧ್ಯಕ್ಷರು ಕಪ್ಪಾದರು, ಊದಿದರು, ಬಾಯಿ ಅಷ್ಟಗಲ ತೆರೆದು ಬುಸ್ ಎಂದರು. ಹಿಡಿಯಣ್ಣನ ಬೆರಳು ಸಡಿಲವಾಯಿತು. "ಬಿಡ್ಬೇಡ ಕಣೋ! ಹಿಡ್ಕೋ! ಹಾಗಲ್ಲ, ಹೊಟ್ಟೆ ಕೆಳಗೆ ಕೈ ಕೊಡು!" ಎಂದು ಅತ್ತೆ ಕಿರುಚಿದರು.

ಬಾಗಿಲಲ್ಲಿ ನಿಂತ ಹೆಂಡತಿ, "ಅಮ್ಮಾ, ಏನಂದೆ ಅವರಿಗೆ?" ಎಂದಳು.

"ಏನಂದೆ? ಔಷಧಿ ಹಾಕ್ತಿದೀನಿ, ಮಾತಾಡಿಸ್ಬೇಡ" ಎಂದರು ಅತ್ತೆ. ಅಂದಿನಿಂದ ಔಷಧಿಯ ಹೊತ್ತಿನಲ್ಲಿ ನೀನು, ಉಳಿದ ಹೊತ್ತಿನಲ್ಲಿ ನೀವು. ಬರಬರುತ್ತ ನೀವು ಎನ್ನುವುದು ಊಟಕ್ಕೆ ಕರೆಯುವಾಗ ಮಾತ್ರ ಉಳಿಯಿತು. ಹಿಡಿಯಣ್ಣನಿಗೆ ಬೆಳಗಾಗುವುದನ್ನೇ ಕಾಯುವಂತಾಯಿತು. ಬೈಸಿಕೊಳ್ಳುವುದರಲ್ಲಿ ಇಷ್ಟು ಸುಖವಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ.

ಆದರೂ ಕಾಲು ಎತ್ತಿಕೊಂಡೇ ಇತ್ತು. ಬಾವು ಇಳಿದಂತೆ ಕಾಣುತ್ತಿತ್ತು, ಮರುದಿನ ಇಲ್ಲವೇನೋ ಅನ್ನಿಸುತ್ತಿತ್ತು. ಅತ್ತೆ ಕುರ್ಚಿಯನ್ನು ಗೂಡಿನ ಹತ್ತಿರಕ್ಕೆ ಎಳೆದುಕೊಂಡರು. ಮತ್ತೆ ಡಾಕ್ಟರಮ್ಮನ ಹತ್ತಿರ ಹೋಗುವ ಹಿಂದಿನ ದಿನ, ಮಧ್ಯಾಹ್ನದ ಬಿಸಿಲು ಗೂಡಿಗೆ ಬಿದ್ದ ಹೊತ್ತಿನಲ್ಲಿ, ಅಧ್ಯಕ್ಷರು ಒಂದು ಡೊಂಕು ರೆಂಬೆಯ ಬುಡದಲ್ಲಿ ನಿಂತು ಎಂದಿನಂತೆ ತೂಗಾಡಿದರು. ಬಲ ಹಿಂಗಾಲು ಗಾಳಿಯಲ್ಲಿ ತಡವರಿಸಿತು. ಗಂಟಿನ ಮೇಲೆ ಇಳಿಯಿತು. ಬೆರಳುಗಳು ಎರಡು ಕಡೆಯಿಂದ ತೊಗಟೆಯನ್ನು ಕಚ್ಚಿದವು. ಆ ಕಾಲಿನ ಮೇಲೆ ಪೂರ್ತಿ ಭಾರ ಬಿಟ್ಟು ಅವರು ಮೇಲಕ್ಕೆ ಹತ್ತಿದರು. ಹಿಡಿಯಣ್ಣ, ಅತ್ತೆ ಇಬ್ಬರೂ ಉಸಿರು ಬಿಗಿಹಿಡಿದು ಕೂತಿದ್ದರು. ಬಾಯಿಬಿಟ್ಟರೆ ಎಲ್ಲಿ ಕೆಟ್ಟುಹೋಗುತ್ತದೋ ಎಂಬ ಭಯ.

ಮರುದಿನ ಡಾಕ್ಟರಮ್ಮ ಪಾದವನ್ನು ಒತ್ತಿ ನೋಡಿದರು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು, ಎಕ್ಸ್‌ರೇ ತೆಗೆದು ಮೂಳೆ ನೋಡಿದರು. ಅತ್ತೆ ಗೋಡೆಯ ಮೇಲಿನ ನಾಯಿಯ ಚಿತ್ರವನ್ನೇ ದಿಟ್ಟಿಸುತ್ತಿದ್ದರು.

"ಮೂಳೆ ಚೆನ್ನಾಗಿದೆ. ಏನೂ ತೆಗೆಯೋದು ಬೇಡ. ಇನ್ನೊಂದಿಷ್ಟು ದಿನ ತೊಳೀರಿ, ಸಾಕು."

ಅತ್ತೆ ತಲೆಯಾಡಿಸಿದರು, ಅಷ್ಟೇ. ಪೆಟ್ಟಿಗೆಯ ಮುಚ್ಚಳವನ್ನು ಎರಡೆರಡು ಸಲ ಒತ್ತಿ ನೋಡಿ ಎತ್ತಿಕೊಂಡರು.

ಆಸ್ಪತ್ರೆ ಇದ್ದದ್ದು ಮೊದಲ ಮಹಡಿಯಲ್ಲಿ. ಹೆಂಡತಿ ವ್ಯಾನ್ ತಿರುಗಿಸಿ ನಿಲ್ಲಿಸಲು ಮುಂದೆ ಓಡಿದ್ದಳು. ಮೆಟ್ಟಿಲಿನ ತುದಿಯಲ್ಲಿ ಅತ್ತೆ ನಿಂತರು. ಒಂದು ಕೈಯಲ್ಲಿ ಪೆಟ್ಟಿಗೆ. ಪಕ್ಕದಲ್ಲಿ ಮೇಲಿನಿಂದ ಕೆಳಗಿನವರೆಗೆ ಉಕ್ಕಿನ ಕಂಬಿ, ಥಳಥಳ ಹೊಳೆಯುವಂಥದ್ದು. ಅದರ ಮೇಲೆ ಕೈಯಿಟ್ಟರು, ಜಾರಿದಂತಾಗಿ ತೆಗೆದರು. ಹಿಡಿಯಣ್ಣ ಪೆಟ್ಟಿಗೆ ತೆಗೆದುಕೊಳ್ಳಲು ಕೈ ಚಾಚಿದ. ಅವರು ಪೆಟ್ಟಿಗೆ ಕೊಡಲಿಲ್ಲ. ಅವನ ತೋಳನ್ನು ಹಿಡಿದುಕೊಂಡರು.

"ಮೆಲ್ಲಗೆ ಇಳಿ" ಎಂದರು.

ಅವನು ಮೆಲ್ಲಗೆ ಇಳಿದ. ಒಂದೊಂದು ಮೆಟ್ಟಿಲಿಗೂ ಅವರ ಮಂಡಿ ನೋಯುತ್ತಿದ್ದುದು ತೋಳಿನಲ್ಲಿ ಗೊತ್ತಾಗುತ್ತಿತ್ತು. ಹೆಬ್ಬೆರಳಿಗೇ ಪೂರ್ತಿ ಭಾರ, ಕಿರುಬೆರಳು ಕೂಡ ಬಿಟ್ಟಿರಲಿಲ್ಲ. ಅರ್ಧ ಇಳಿಯುವಷ್ಟರಲ್ಲಿ ಅವರು ಹಿಡಿದ ಜಾಗ ಜೋಮು ಹಿಡಿದು ನೋಯತೊಡಗಿತು. ಕೆಳಗೆ ವ್ಯಾನಿನ ಹಾರ್ನ್ ಕೇಳಿಸಿತು. ಹಿಡಿಯಣ್ಣ ತೋಳು ಅಲುಗಿಸದೆ, ಮುಂದಿನ ಮೆಟ್ಟಿಲಿಗೆ ಕಾಲಿಟ್ಟು, ಅವರಿಗಾಗಿ ನಿಂತ.